ಎರಡು ಮನೆಗಳ ನಡುವಿನ ಗೆರೆ: ಜಾಲಪುಟದ ಕೋಷ್ಟಕಗಳಲ್ಲಿ ತೆಳು ಅಂಚಿನ ಚರಿತ್ರೆ

ಅಡ್ಡಸಾಲುಗಳೂ ಕಂಬಸಾಲುಗಳೂ ಒಂದನ್ನೊಂದು ಹಾಯುವ ಎಡೆಗಳಲ್ಲಿ ಮಾಹಿತಿಯನ್ನು ಇರಿಸುವ ವ್ಯವಸ್ಥೆಗೆ ಕೋಷ್ಟಕವೆಂದು ಹೆಸರು. ಹಾಗೆ ಹಾಯ್ದಾಗ ಉಂಟಾಗುವ ಒಂದೊಂದು ಚೌಕವನ್ನು ಮನೆ ಎಂದೂ, ಗಣಕದ ಪರಿಭಾಷೆಯಲ್ಲಿ ಸೆಲ್ ಎಂದೂ ಕರೆಯುತ್ತಾರೆ. ಮನೆಗಳನ್ನು ಬೇರ್ಪಡಿಸುವ ಗೆರೆಯು ಕೋಷ್ಟಕದ ಅತ್ಯಲ್ಪ ಅಂಗವೆಂದು ತೋರಿದರೂ, 1995ರಿಂದ ಈಚೆಗೆ ಜಾಲಪುಟಗಳನ್ನು ರಚಿಸಿದವರು ಒಂದು ಪಿಕ್ಸೆಲ್ ದಪ್ಪದ ಸರಳ ಗೆರೆಯೊಂದನ್ನು ಪಡೆಯಲು ಹೂಡಿದ ಉಪಾಯಗಳನ್ನು ನೋಡಿದರೆ, ಆ ಅಲ್ಪ ಅಂಗದಲ್ಲಿ ಎಷ್ಟು ದೊಡ್ಡ ತೊಡಕು ಅಡಗಿತ್ತೆಂಬುದು ತಿಳಿಯುತ್ತದೆ. ಆ ತೊಡಕಿನ ಬೇರು ಅಂದಚೆಂದದ ವಿಚಾರದಲ್ಲಿರುವುದಕ್ಕಿಂತ ಹೆಚ್ಚಾಗಿ ಒಡೆತನದ ವಿಚಾರದಲ್ಲಿತ್ತು. ಅಕ್ಕಪಕ್ಕದ ಎರಡು ಮನೆಗಳ ನಡುವೆ ಎಳೆದ ಗೆರೆ ಯಾವ ಮನೆಗೆ ಸೇರಿದ್ದು ಎಂಬ ಪ್ರಶ್ನೆ ಕೈಬರಹದ ಕಾಲದಲ್ಲಾಗಲಿ ಅಚ್ಚುಮೊಳೆಯ ಕಾಲದಲ್ಲಾಗಲಿ ಏಳಲೇ ಇಲ್ಲ. ಅದು ಎದ್ದದ್ದು ಪರದೆಯ ಮೇಲೆ, ಮತ್ತು ಅದಕ್ಕೆ ಒಪ್ಪಿತವಾದ ಉತ್ತರ ದೊರೆಯಲು ಹಲವು ವರ್ಷಗಳೇ ಹಿಡಿದವು.

ಕೋಷ್ಟಕದ ಗೆರೆಗೆ ಬಹಳ ಹಳೆಯ ಇತಿಹಾಸವಿದೆ. ಪ್ರಾಚೀನ ಬ್ಯಾಬಿಲೋನಿಯದಲ್ಲಿ ಕ್ರಿಸ್ತಪೂರ್ವ 1800ರ ಆಸುಪಾಸಿನಲ್ಲಿ ಸಿದ್ಧವಾಗಿ, ಈಗ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿರುವ ಪ್ಲಿಂಪ್ಟನ್ 322 ಎಂಬ ಜೇಡಿಮಣ್ಣಿನ ಫಲಕದಲ್ಲಿ 4 ಕಂಬಸಾಲುಗಳೂ 15 ಸಾಲು ಅಂಕಿಗಳೂ ಇದ್ದು, ಕಂಬಸಾಲುಗಳ ನಡುವೆ ಹಸಿ ಮಣ್ಣಿನಲ್ಲಿ ಒತ್ತಿದ ಲಂಬ ಗೆರೆಗಳು ಕಾಣುತ್ತವೆ. ಆ ಗೆರೆಗಳು ಫಲಕದ ಹಿಂಬದಿಗೂ ಮುಂದುವರಿದು ಅಲ್ಲಿ ಅಂಕಿಗಳಿಲ್ಲದೆ ಖಾಲಿಯಾಗಿ ಉಳಿದಿರುವುದರಿಂದ, ಲಿಪಿಕಾರನು ಮೊದಲು ಗೆರೆ ಎಳೆದು ಆಮೇಲೆ ಅಂಕಿ ತುಂಬಿಸಿದನೆಂದು ಊಹಿಸಬಹುದು. ನಾಲ್ಕನೆಯ ಶತಮಾನದಲ್ಲಿ ಸೀಸೇರಿಯದ ಯೂಸಿಬಿಯಸ್ ನಾಲ್ಕು ಸುವಾರ್ತೆಗಳ ಸಮಾನ ಭಾಗಗಳನ್ನು ಹೊಂದಿಸಿ ತೋರಿಸಲು ರೂಪಿಸಿದ 10 ಕೋಷ್ಟಕಗಳನ್ನು ಮುಂದಿನ ಹಸ್ತಪ್ರತಿಕಾರರು ಕಂಬ ಕಮಾನುಗಳ ಚಿತ್ರದೊಳಗೆ ಬರೆದರು. ಈ ಎಲ್ಲ ಕಡೆಗಳಲ್ಲೂ ಗೆರೆ ಒಂದೇ. ಎಳೆದವನ ಕೈ ಒಂದು ಸಲ ಚಲಿಸಿತು, ಎರಡೂ ಬದಿಯ ಮನೆಗಳು ಅದನ್ನು ಹಂಚಿಕೊಂಡವು.

ಅಚ್ಚಿನ ಯುಗದಲ್ಲಿ ಗೆರೆ ಕೈಯಲ್ಲಿ ಹಿಡಿಯಬಹುದಾದ ವಸ್ತುವಾಯಿತು. ಅಚ್ಚುಮೊಳೆಯಷ್ಟೇ ಎತ್ತರದ ಹಿತ್ತಾಳೆಯ ಪಟ್ಟಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಮೊಳೆಗಳ ನಡುವೆ ನಿಲ್ಲಿಸಿದರೆ ಅದರ ಮೇಲಂಚು ಶಾಯಿ ಹಿಡಿದು ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಮುದ್ರಣಾಲಯಗಳಲ್ಲಿ ರೂಲು ಎಂದು ಕರೆಯಲಾಗುತ್ತಿದ್ದ ಈ ಪಟ್ಟಿಗಳಲ್ಲಿ ಕೂದಲೆಳೆಯಷ್ಟು ತೆಳುವಾದವು, ದಪ್ಪನೆಯವು, ಜೋಡಿಗೆರೆಯವು ಎಂಬ ಬಗೆಗಳಿದ್ದವು. ಆದರೆ ಲೋಹದ ಎರಡು ಪಟ್ಟಿಗಳು ಒಂದರೊಳಗೊಂದು ಹಾಯಲಾರವು. ಲಂಬ ಗೆರೆಯನ್ನು ಅಡ್ಡಗೆರೆ ಸಂಧಿಸುವ ಪ್ರತಿಯೊಂದು ಬಿಂದುವಿನಲ್ಲಿಯೂ ಎರಡರಲ್ಲೊಂದನ್ನು ತುಂಡರಿಸಬೇಕಾಗುತ್ತಿತ್ತು, ತುಂಡುಗಳು ಕೊಂಚ ಸರಿದರೂ ಅಚ್ಚಾದ ಪುಟದಲ್ಲಿ ಬಿರುಕು ಕಾಣುತ್ತಿತ್ತು. ಹೀಗಾಗಿ ಕೋಷ್ಟಕದ ಜೋಡಣೆಯು ಮೊಳೆ ಜೋಡಿಸುವವರ ಕಸಬಿನಲ್ಲಿ ಅತ್ಯಂತ ಕಷ್ಟದ ಕೆಲಸವೆಂದು ಹೆಸರಾಗಿ, ಲಂಡನ್ನಿನ ಮುದ್ರಣಾಲಯಗಳ ಕೂಲಿದರದಲ್ಲಿ ಗೆರೆಗಳಿಂದ ಕೂಡಿದ ಹಲವು ಕಂಬಸಾಲುಗಳ ಕೋಷ್ಟಕಕ್ಕೆ ಸಾಮಾನ್ಯ ಪಠ್ಯದ ಎರಡರಷ್ಟು ಕೂಲಿ ನಿಗದಿಯಾಗಿತ್ತು. ಕನ್ನಡದ ಅಚ್ಚುಕೂಟಗಳಿಗೂ ಈ ಶ್ರಮ ಹೊಸದಾಗಿರಲಿಲ್ಲ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ದಿನಕ್ಕೊಂದು ಸಾಲಿನಂತೆ ಇಕ್ಕಟ್ಟಾದ ಮನೆಗಳಲ್ಲಿ ಕೂರಿಸುವ ಪಂಚಾಂಗವು ಮೊಳೆಯ ಕಾಲದ ಕೋಷ್ಟಕಕಲೆಗೆ ಒಳ್ಳೆಯ ನಿದರ್ಶನ.

ಇದೇ ಕಷ್ಟವು ಒಂದು ಅಭಿರುಚಿಗೂ ಜನ್ಮ ಕೊಟ್ಟಿತು. 1886ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದ ಲೈನೋಟೈಪ್ ಯಂತ್ರ ಒಂದಿಡೀ ಸಾಲನ್ನು ಒಂದೇ ಎರಕವಾಗಿ ಹೊರತರುತ್ತಿದ್ದುದರಿಂದ ಆ ಎರಕಗಳ ನಡುವೆ ಲಂಬ ರೂಲನ್ನು ತೂರಿಸುವುದು ಇನ್ನಷ್ಟು ಪ್ರಯಾಸದ ಕೆಲಸವಾಯಿತು. ಅಡ್ಡಗೆರೆಗಳು ಮಾತ್ರ ಉಳಿದು ಲಂಬ ಗೆರೆಗಳ ಜಾಗವನ್ನು ಬಿಳಿ ತೆರಪು ತುಂಬಿತು. ಅನಿವಾರ್ಯವಾಗಿ ಬಂದದ್ದನ್ನು ಮುದ್ರಣ ವಿನ್ಯಾಸಕಾರರು ಕ್ರಮೇಣ ತತ್ತ್ವವಾಗಿಯೇ ಒಪ್ಪಿಕೊಂಡರು. ಜರ್ಮನಿಯ ಯಾನ್ ಚಿಖೋಲ್ಡ್ 1935ರಲ್ಲಿ ಬಾಸೆಲ್‌ನಿಂದ ಪ್ರಕಟಿಸಿದ ಮುದ್ರಣ ವಿನ್ಯಾಸದ ಗ್ರಂಥದಲ್ಲಿ ಒಂದೊಂದು ಅಂಕಿಯನ್ನೂ ಗೆರೆಗಳೊಳಗೆ ಬಂಧಿಸುವ ಪದ್ಧತಿಯನ್ನು ವಿರೋಧಿಸಿದನು; ಅಮೆರಿಕದ ಎಡ್ವರ್ಡ್ ಟಫ್ಟಿ 1983ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಮಾಹಿತಿಯನ್ನು ಹೇಳದ ಶಾಯಿಯನ್ನು ಸಾಧ್ಯವಾದಷ್ಟು ಅಳಿಸಬೇಕೆಂದು ವಾದಿಸಿದನು. ಗಣಕದ ಮೂಲಕ ಅಕ್ಷರ ಜೋಡಿಸುವ ತಂತ್ರಾಂಶಗಳಲ್ಲಿಯೂ ಎಲ್ಲೆಡೆ ಗೆರೆ ಹಾಕುವ ಮತ್ತು ಗೆರೆಯನ್ನು ಬಿಡುವ ಎರಡೂ ಒಲವುಗಳು ಅಕ್ಕಪಕ್ಕದಲ್ಲೇ ನಡೆದವು. 1976ರಲ್ಲಿ ಬೆಲ್ ಪ್ರಯೋಗಾಲಯದ ಮೈಕೇಲ್ ಲೆಸ್ಕ್ ಯುನಿಕ್ಸ್ ವ್ಯವಸ್ಥೆಗಾಗಿ ಬರೆದ ಟಿಬಿಎಲ್ ಎಂಬ ತಂತ್ರಾಂಶವು ಒಂದೇ ಪದದ ಆದೇಶದಿಂದ ಎಲ್ಲ ಮನೆಗಳಿಗೂ ಚೌಕಟ್ಟು ಹಾಕಬಲ್ಲದ್ದಾಗಿತ್ತು. ಲೇಟೆಕ್ ವ್ಯವಸ್ಥೆಯು ಗೆರೆಗೆ 0.4 ಪಾಯಿಂಟ್, ಅಂದರೆ ಸುಮಾರು 0.14 ಮಿಲಿಮೀಟರ್ ದಪ್ಪವನ್ನು ಗೊತ್ತುಮಾಡಿತ್ತು. ಅದೇ ವ್ಯವಸ್ಥೆಗಾಗಿ ಸೈಮನ್ ಫಿಯರ್ ರೂಪಿಸಿದ ಬುಕ್‌ಟ್ಯಾಬ್ಸ್ ಎಂಬ ಪೂರಕವು ಮಾತ್ರ ಲಂಬ ಗೆರೆಯನ್ನು ಎಂದಿಗೂ ಬಳಸಬಾರದೆಂಬ ಕಟ್ಟುನಿಟ್ಟಿನ ನಿಲುವು ತಳೆಯಿತು.

ವಿಶ್ವವ್ಯಾಪಿ ಜಾಲದ ಆರಂಭದ ವರ್ಷಗಳಲ್ಲಿ ಕೋಷ್ಟಕವೇ ಇರಲಿಲ್ಲ. ಪುಟದ ರಚನೆಯನ್ನು ಗುರುತುಪದಗಳಿಂದ ಸೂಚಿಸುವ ಎಚ್‌ಟಿಎಂಎಲ್ ಭಾಷೆಯಲ್ಲಿ ಶೀರ್ಷಿಕೆ, ಪಟ್ಟಿ, ಕೊಂಡಿಗಳಿಗೆ ಗುರುತುಗಳಿದ್ದವು. ಅಂಕಿಗಳನ್ನು ಹೊಂದಿಸಿ ತೋರಿಸಬೇಕಾದರೆ ಎಲ್ಲ ಅಕ್ಷರಗಳೂ ಸಮಾನ ಅಗಲ ಹೊಂದಿರುವ ಬೆರಳಚ್ಚಿನ ಮಾದರಿಯ ಅಕ್ಷರಗಳನ್ನೂ ಖಾಲಿ ಜಾಗಗಳನ್ನೂ ನೆಚ್ಚಬೇಕಾಗಿತ್ತು. ಬ್ರಿಸ್ಟಲ್ ನಗರದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿದ್ದ ಡೇವ್ ರ್‍ಯಾಗೆಟ್ 1993ರಲ್ಲಿ ಎಚ್‌ಟಿಎಂಎಲ್ ಪ್ಲಸ್ ಎಂಬ ವಿಸ್ತರಣೆಯನ್ನು ಸೂಚಿಸಿ ಅದರಲ್ಲಿ ಕೋಷ್ಟಕಕ್ಕೆ ಜಾಗ ಮಾಡಿಕೊಟ್ಟನು. ಮುಂದೆ 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1942 ಎಂಬ ಸಂಖ್ಯೆಯ ದಾಖಲೆಯಾಗಿ ಆತನ ಮಾದರಿ ಹೊರಬಂದಿತು. ಅಮೆರಿಕದ ರಕ್ಷಣಾ ಇಲಾಖೆಯ ತಾಂತ್ರಿಕ ಕಡತಗಳಿಗಾಗಿ ರೂಪುಗೊಂಡಿದ್ದ ಕಾಲ್ಸ್ ಎಂಬ ಮಾದರಿಯೊಂದಿಗೆ ಹೊಂದಿಕೊಳ್ಳುವಂತಿದ್ದ ಈ ದಾಖಲೆಯಲ್ಲಿ ಕೋಷ್ಟಕದ ಹೊರಚೌಕಟ್ಟಿಗೂ ಒಳಗಿನ ಗೆರೆಗಳಿಗೂ ಬೇರೆ ಬೇರೆ ಸೂಚನೆಗಳಿದ್ದವು. ಸಾಲುಗಳ ನಡುವೆ ಮಾತ್ರ, ಕಂಬಗಳ ನಡುವೆ ಮಾತ್ರ, ಗುಂಪುಗಳ ನಡುವೆ ಮಾತ್ರ ಗೆರೆ ಬೇಕೆಂದು ಹೇಳುವ ಅನುಕೂಲವೂ ಇತ್ತು. ಮುದ್ರಣಕಲೆಯನ್ನು ಬಲ್ಲವರ ವಿವೇಕ ಅದರಲ್ಲಿ ಕಾಣುತ್ತದೆ.

ದುರದೃಷ್ಟವೆಂದರೆ ಆ ದಾಖಲೆ ಬರುವಷ್ಟರಲ್ಲಿ ರೂಢಿ ನೆಲೆಯೂರಿಬಿಟ್ಟಿತ್ತು. 1995ರ ವಸಂತದಲ್ಲಿ ಬಿಡುಗಡೆಯಾದ ನೆಟ್‌ಸ್ಕೇಪ್ ನ್ಯಾವಿಗೇಟರ್ 1.1 ಎಂಬ ವೀಕ್ಷಕ ತಂತ್ರಾಂಶವು, ಅಂದರೆ ಬ್ರೌಸರ್, ಕೋಷ್ಟಕವನ್ನು ಲಕ್ಷಾಂತರ ಪರದೆಗಳಿಗೆ ತಲುಪಿಸಿತು. ಅದರಲ್ಲಿ ಗೆರೆಯ ದಪ್ಪಕ್ಕೆ ಬಾರ್ಡರ್, ಮನೆಗಳ ನಡುವಿನ ತೆರಪಿಗೆ ಸೆಲ್‌ಸ್ಪೇಸಿಂಗ್, ಮನೆಯ ಅಂಚಿಗೂ ಒಳಗಿನ ಅಕ್ಷರಕ್ಕೂ ನಡುವಿನ ತೆರಪಿಗೆ ಸೆಲ್‌ಪ್ಯಾಡಿಂಗ್ ಎಂಬ ಮೂರು ಗುಣಗಳಿದ್ದು, ಯಾವುದನ್ನೂ ಹೇಳದಿದ್ದರೆ ಮನೆಗಳ ನಡುವೆ 2 ಪಿಕ್ಸೆಲ್, ಮನೆಯೊಳಗೆ 1 ಪಿಕ್ಸೆಲ್ ತೆರಪು ತಾನಾಗಿ ಬರುತ್ತಿತ್ತು. ಅಂದಿನ ಕಿಟಕಿ ಗುಂಡಿಗಳಂತೆಯೇ ಕೋಷ್ಟಕಕ್ಕೂ ಉಬ್ಬುತಗ್ಗಿನ ಭ್ರಮೆ ಕೊಡಬೇಕೆಂಬುದು ಆ ಕಾಲದ ಅಭಿರುಚಿಯಾಗಿತ್ತು: ಹೊರಚೌಕಟ್ಟಿನ ಎಡ ಮತ್ತು ಮೇಲಿನ ಬದಿ ತಿಳಿಬಣ್ಣದಲ್ಲಿ, ಬಲ ಮತ್ತು ಕೆಳಗಿನ ಬದಿ ಗಾಢಬಣ್ಣದಲ್ಲಿ, ಒಳಗಿನ ಮನೆಗಳಿಗೆ ಇದರ ತಿರುಗುಮುರುಗು. ಹೀಗೆ ಒಂದೊಂದು ಮನೆಯೂ ತನ್ನ ನಾಲ್ಕು ಬದಿಗಳನ್ನು ತಾನೇ ಹೊತ್ತ ಸ್ವತಂತ್ರ ಪೆಟ್ಟಿಗೆಯಾಯಿತು, ಪಕ್ಕದ ಮನೆಯೊಂದಿಗೆ ಹಂಚಿಕೊಳ್ಳುವ ಗೆರೆ ಎಂಬ ಕಲ್ಪನೆಯೇ ಕೈಬಿಟ್ಟುಹೋಯಿತು. ಹಿತ್ತಾಳೆಯ ಒಂದು ರೂಲು ಸುಲಭವಾಗಿ ಮಾಡುತ್ತಿದ್ದ ಕೆಲಸವನ್ನು ಪರದೆ ಮಾಡಲಾರದೆ ಹೋದದ್ದು ಈ ಒಂದು ತೀರ್ಮಾನದಿಂದ.

ಬಾರ್ಡರ್ ಗುಣಕ್ಕೆ 1 ಎಂಬ ಬೆಲೆ ಕೊಟ್ಟವನಿಗೆ ದೊರೆಯುತ್ತಿದ್ದದ್ದು ಒಂದು ಗೆರೆಯಲ್ಲ. ಎಡಮನೆಯ ಬಲಗೆರೆ, ನಡುವಿನ ತೆರಪು, ಬಲಮನೆಯ ಎಡಗೆರೆ ಎಂಬ ಮೂರರ ಸಮೂಹ. ತೆರಪನ್ನು ಸೊನ್ನೆ ಮಾಡಿದರೂ ಎರಡು ಗೆರೆಗಳು ಒತ್ತಿ ನಿಂತು 2 ಪಿಕ್ಸೆಲ್ ದಪ್ಪದ, ಒಂದು ಬದಿ ಕಪ್ಪಗೆ ಇನ್ನೊಂದು ಬದಿ ಬೆಳ್ಳಗೆ ಕಾಣುವ ಪಟ್ಟಿಯಾಗುತ್ತಿದ್ದವು. ಅಂದಿನ ಪರದೆಗಳಲ್ಲಿ ಒಂದು ಅಂಗುಲಕ್ಕೆ 72ರಿಂದ 96 ಪಿಕ್ಸೆಲ್‌ಗಳಿದ್ದುದರಿಂದ ಅತಿ ತೆಳುವಾದ ಒಂದು ಪಿಕ್ಸೆಲ್ ಗೆರೆಯೇ ಕಾಲು ಮಿಲಿಮೀಟರಿಗಿಂತ ದಪ್ಪವಾಗಿತ್ತು. ಲೇಟೆಕ್ ಕೋಷ್ಟಕದ 0.14 ಮಿಲಿಮೀಟರ್ ಗೆರೆಯ ಪಕ್ಕದಲ್ಲಿಟ್ಟರೆ ಹೆಚ್ಚುಕಡಿಮೆ ಎರಡರಷ್ಟು. ಅದೂ ಜೋಡಿಯಾಗಿ ನಿಂತಾಗ ಅಂಕಿಗಳಿಗಿಂತ ಬೇಲಿಯೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಗೆರೆಯ ಬಣ್ಣವನ್ನೂ ಅದರ ಬೆಳಕಿನ ಬದಿ, ನೆರಳಿನ ಬದಿಗಳ ಬಣ್ಣಗಳನ್ನೂ ಬೇರೆ ಬೇರೆಯಾಗಿ ಹೇಳುವ ಗುಣಗಳನ್ನು ಒದಗಿಸಿತಾದರೂ ಅವುಗಳಲ್ಲಿ ಹೆಚ್ಚಿನವು ಆ ಒಂದು ಬ್ರೌಸರಿಗೆ ಸೀಮಿತವಾಗಿದ್ದವು, ದಪ್ಪದ ತೊಡಕನ್ನಂತೂ ಅವು ಬಿಡಿಸಲಿಲ್ಲ.

ಈ ಇಕ್ಕಟ್ಟಿನಿಂದ ಹುಟ್ಟಿದ ಉಪಾಯಗಳು ಕಸಬುದಾರರ ಜಾಣ್ಮೆಗೆ ಸಾಕ್ಷಿಯಾಗಿವೆ. ಗೆರೆ ಎಳೆಯುವ ಗುಣವನ್ನೇ ಕೈಬಿಟ್ಟು, ತೆರಪನ್ನು ಗೆರೆಯಾಗಿಸುವುದು ಅವುಗಳಲ್ಲಿ ಅತ್ಯಂತ ಪ್ರಚಲಿತವಾದದ್ದು. ಕೋಷ್ಟಕದ ಬಾರ್ಡರನ್ನು ಸೊನ್ನೆಗೆ ಇಳಿಸಿ, ಮನೆಗಳ ನಡುವಿನ ತೆರಪನ್ನು 1 ಪಿಕ್ಸೆಲ್‌ಗೆ ನಿಲ್ಲಿಸಿ, ಇಡೀ ಕೋಷ್ಟಕದ ಹಿನ್ನೆಲೆಗೆ ಕಪ್ಪು ಅಥವಾ ಬೂದು ಬಣ್ಣವನ್ನೂ ಒಂದೊಂದು ಮನೆಗೆ ಬಿಳಿ ಬಣ್ಣವನ್ನೂ ಕೊಟ್ಟರೆ, ಬಿಳಿ ಮನೆಗಳ ನಡುವಿನ ಸಂದಿಯಲ್ಲಿ ಹಿನ್ನೆಲೆಯ ಬಣ್ಣ ಇಣುಕಿ, ನೋಡುವವರ ಕಣ್ಣಿಗೆ ಅಚ್ಚುಕಟ್ಟಾದ ಒಂದು ಪಿಕ್ಸೆಲ್ ಗೆರೆಯಾಗಿ ಕಾಣುತ್ತಿತ್ತು. ಅಲ್ಲಿ ಗೆರೆ ಯಾರಿಗೂ ಸೇರಿರಲಿಲ್ಲ. ಅದು ಬರಿಯ ಬಿಡುವು. ಕೋಷ್ಟಕದ ಹಿನ್ನೆಲೆಯನ್ನು ಎಲ್ಲ ಬ್ರೌಸರುಗಳೂ ಒಂದೇ ರೀತಿ ಬಿಡಿಸದಿದ್ದುದರಿಂದ, ಬಣ್ಣದ ಒಂದೇ ಮನೆಯ ಹೊರಕೋಷ್ಟಕವನ್ನು ಕಟ್ಟಿ ಅದರೊಳಗೆ ನಿಜವಾದ ಕೋಷ್ಟಕವನ್ನು ಕೂರಿಸುವ ಎರಡು ಪದರದ ಕ್ರಮವೂ ಬಂದಿತು. ಸಾಲುಗಳ ನಡುವೆ ಮಾತ್ರ ಗೆರೆ ಬೇಕಾದವರು ಒಂದು ಪಿಕ್ಸೆಲ್ ಎತ್ತರದ ಬಣ್ಣದ ಸಾಲನ್ನೇ ಸೇರಿಸಿ, ಅದು ಕುಸಿಯದಂತೆ ಅದರೊಳಗೆ ಕಣ್ಣಿಗೆ ಕಾಣದ ಪಾರದರ್ಶಕ ಚಿತ್ರವೊಂದನ್ನು ಇಡುತ್ತಿದ್ದರು. 43 ಬೈಟ್‌ಗಳಷ್ಟೇ ತೂಗುವ ಈ ಒಂದು ಪಿಕ್ಸೆಲ್‌ನ ಜಿಫ್ ಚಿತ್ರವು ಆ ದಶಕದ ಜಾಲವಿನ್ಯಾಸದ ಮುಖ್ಯ ಉಪಕರಣಗಳಲ್ಲೊಂದಾಗಿತ್ತು. ನೆಟ್‌ಸ್ಕೇಪ್ 4 ಖಾಲಿ ಮನೆಗೆ ಬಣ್ಣ ಬಳಿಯಲು ನಿರಾಕರಿಸುತ್ತಿದ್ದುದರಿಂದ ಮಾಹಿತಿಯಿಲ್ಲದ ಪ್ರತಿಯೊಂದು ಮನೆಯಲ್ಲೂ ಮುರಿಯದ ಖಾಲಿಜಾಗದ ಚಿಹ್ನೆಯೊಂದನ್ನು ಬರೆಯಬೇಕಿತ್ತು. ಬರೆಯದಿದ್ದರೆ ಕೋಷ್ಟಕದ ನಡುವೆ ಆ ಮನೆಯಷ್ಟೇ ಅಗಲದ ಕಪ್ಪು ಕಲೆ ಮೂಡುತ್ತಿತ್ತು.

ಬಣ್ಣದ ಆಯ್ಕೆಗೂ ಮಿತಿಯಿತ್ತು. 256 ಬಣ್ಣಗಳನ್ನು ಮಾತ್ರ ತೋರಬಲ್ಲ ಪರದೆಗಳು ಬಳಕೆಯಲ್ಲಿದ್ದ ಆ ವರ್ಷಗಳಲ್ಲಿ ಎಲ್ಲ ಕಡೆಯೂ ಒಂದೇ ರೀತಿ ಕಾಣುವ 216 ಬಣ್ಣಗಳ ಪಟ್ಟಿಯೊಂದು ಚಾಲ್ತಿಗೆ ಬಂದಿದ್ದು, ಅದರಲ್ಲಿ ಕಪ್ಪು ಬಿಳುಪುಗಳ ನಡುವೆ ಇದ್ದದ್ದು 4 ಬೂದು ಛಾಯೆಗಳು ಮಾತ್ರ. ಗೆರೆಯನ್ನು ಇನ್ನಷ್ಟು ತೆಳುಗೊಳಿಸಲು ಪರದೆ ಅವಕಾಶ ಕೊಡದಿದ್ದಾಗ ವಿನ್ಯಾಸಕಾರರು ಅದರ ಬಣ್ಣವನ್ನು ತಿಳಿಗೊಳಿಸಿದರು. ತಿಳಿ ಬೂದು ಗೆರೆ ಕಣ್ಣಿಗೆ ತೆಳುವಾಗಿಯೇ ತೋರುತ್ತದೆ. ಇಂದಿಗೂ ಜಾಲಪುಟಗಳ ಕೋಷ್ಟಕದ ಗೆರೆ ಬಹುಮಟ್ಟಿಗೆ ಬೂದು ಬಣ್ಣದಲ್ಲಿರುವುದಕ್ಕೆ ಅಂದಿನ ಈ ಅಭ್ಯಾಸವೂ ಒಂದು ಕಾರಣವೆಂದು ಧಾರಾಳವಾಗಿ ಹೇಳಬಹುದು.

ಗೆರೆಯ ಕಥೆ ಇನ್ನೊಂದು ದೊಡ್ಡ ಕಥೆಯೊಂದಿಗೆ ಹೆಣೆದುಕೊಂಡಿತ್ತು. ಪುಟದ ಅಂಗಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಲು ಬೇರೆ ದಾರಿಯಿಲ್ಲದಿದ್ದ ಆ ಕಾಲದಲ್ಲಿ ಗೆರೆಯೇ ಇಲ್ಲದ ಅದೃಶ್ಯ ಕೋಷ್ಟಕವು ಇಡೀ ಪುಟದ ಅಸ್ಥಿಪಂಜರವಾಯಿತು. 1996ರಲ್ಲಿ ಪ್ರಕಟವಾದ ಡೇವಿಡ್ ಸೀಗೆಲ್‌ನ ಕೈಪಿಡಿ ಈ ವಿಧಾನವನ್ನೂ ಪಾರದರ್ಶಕ ಜಿಫ್‌ನ ಉಪಾಯವನ್ನೂ ಮನೆಮಾತಾಗಿಸಿತು. ಮರುವರ್ಷವೇ ಆತನು ಜಾಲವು ಹಾಳಾಗಿದೆಯೆಂದೂ ಅದಕ್ಕೆ ತಾನೇ ಹೊಣೆಯೆಂದೂ ಸಾರುವ ಲೇಖನ ಬರೆದನು. ಮಾಹಿತಿಯ ಕೋಷ್ಟಕ ಮತ್ತು ವಿನ್ಯಾಸದ ಕೋಷ್ಟಕ ಎಂಬ ಎರಡು ಬಗೆಗಳು ಒಂದೇ ಗುರುತುಪದವನ್ನು ಹಂಚಿಕೊಂಡದ್ದರ ಪರಿಣಾಮ ಹಲವು ವರ್ಷ ಕಾಡಿತು.

ನಿಜವಾದ ಪರಿಹಾರ ಬಂದದ್ದು ಶೈಲಿಯನ್ನು ರಚನೆಯಿಂದ ಬೇರ್ಪಡಿಸುವ ಸಿಎಸ್‌ಎಸ್ ಭಾಷೆಯಿಂದ. ಹೋಕನ್ ವಿಯುಮ್ ಲೀ 1994ರ ಅಕ್ಟೋಬರಿನಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದಾಗ ಮಂಡಿಸಿದ ಈ ಭಾಷೆಯ ಮೊದಲ ಹಂತ 1996ರ ಡಿಸೆಂಬರಿನಲ್ಲಿ ಮಾನಕವಾಯಿತು. ಅದರಲ್ಲಿ ಗೆರೆಯ ದಪ್ಪ, ಬಗೆ, ಬಣ್ಣಗಳನ್ನು ಹೇಳುವ ವ್ಯವಸ್ಥೆಯಿತ್ತು. ತೆಳು, ಮಧ್ಯಮ, ದಪ್ಪ ಎಂಬರ್ಥದ ಮೂರು ಪದಗಳೂ ಇದ್ದು, ಅವುಗಳ ನಿಖರ ಅಳತೆಯನ್ನು ಬ್ರೌಸರುಗಳ ವಿವೇಚನೆಗೆ ಬಿಡಲಾಗಿತ್ತು. ಕೋಷ್ಟಕದ ಬಗ್ಗೆ ಮಾತ್ರ ಮೊದಲ ಹಂತ ಏನನ್ನೂ ಹೇಳಲಿಲ್ಲ. 1998ರ ಮೇ 12ರಂದು ಹೊರಬಂದ ಎರಡನೆಯ ಹಂತವು ಆ ಕೊರತೆಯನ್ನು ತುಂಬಿ, ಬಾರ್ಡರ್ ಕೊಲ್ಯಾಪ್ಸ್ ಎಂಬ ಗುಣವನ್ನು ಪರಿಚಯಿಸಿತು. ಇದಕ್ಕೆ ಎರಡು ಬೆಲೆಗಳು: ಒಂದು, ಮನೆಗಳು ತಮ್ಮ ತಮ್ಮ ಗೆರೆಗಳೊಂದಿಗೆ ಬೇರೆಯಾಗಿಯೇ ಇರಲಿ ಎಂಬುದು, ಇನ್ನೊಂದು, ನೆರೆಮನೆಗಳ ಗೆರೆಗಳು ಬೆಸೆದು ಒಂದಾಗಲಿ ಎಂಬುದು. ಎರಡನೆಯದನ್ನು ಆರಿಸಿಕೊಂಡರೆ ಗೆರೆಯು ಎರಡು ಹೊಲಗಳ ನಡುವಿನ ಬದುವಿನಂತೆ ಅರ್ಧ ಈ ಕಡೆಗೆ, ಅರ್ಧ ಆ ಕಡೆಗೆ ಸೇರುತ್ತದೆ. ಮನೆಯ ಅಗಲವನ್ನು ಲೆಕ್ಕಹಾಕುವಾಗ ಗೆರೆಯ ಅರ್ಧ ದಪ್ಪವನ್ನು ಮಾತ್ರ ಆ ಮನೆಯ ಖಾತೆಗೆ ಬರೆಯಲಾಗುತ್ತದೆ.

ಹಂಚಿಕೊಂಡ ಗೆರೆಯ ಬಗ್ಗೆ ಇಬ್ಬರು ಒಡೆಯರು ಬೇರೆ ಬೇರೆ ಮಾತು ಹೇಳಿದರೆ ಏನು ಮಾಡಬೇಕೆಂಬುದು ಸಹಜವಾಗಿ ಏಳುವ ಪ್ರಶ್ನೆ. ಈ ಮಾನಕದ ಸಂಪಾದಕರಾದ ಬರ್ಟ್ ಬಾಸ್, ಹೋಕನ್ ಲೀ, ಕ್ರಿಸ್ ಲಿಲ್ಲಿ ಮತ್ತು ಇಯಾನ್ ಜೇಕಬ್ಸ್ ಅದಕ್ಕೆ ಕೊಟ್ಟ ಉತ್ತರ ಒಂದು ನ್ಯಾಯಸಂಹಿತೆಯಂತೆಯೇ ಕ್ರಮಬದ್ಧವಾಗಿದೆ. ಎರಡು ಮನೆಗಳಲ್ಲಿ ಒಂದು ಗೆರೆಯನ್ನು ಮರೆಮಾಡು ಎಂದರೆ ಆ ಮಾತೇ ಎಲ್ಲಕ್ಕಿಂತ ಮೇಲು. ಗೆರೆ ಬೇಡ ಎಂಬ ಮಾತು ಎಲ್ಲಕ್ಕಿಂತ ಕೆಳಗು, ಪಕ್ಕದವರು ಬೇಕೆಂದರೆ ಗೆರೆ ಬರುತ್ತದೆ. ಇಬ್ಬರೂ ಬೇಕೆಂದಾಗ ದಪ್ಪನೆಯ ಗೆರೆ ಗೆಲ್ಲುತ್ತದೆ. ದಪ್ಪ ಸಮವಾದರೆ ಜೋಡಿಗೆರೆಯು ಒಂಟಿಗೆರೆಯನ್ನೂ, ಒಂಟಿಗೆರೆಯು ತುಂಡುಗೆರೆಯನ್ನೂ, ತುಂಡುಗೆರೆಯು ಚುಕ್ಕಿಗೆರೆಯನ್ನೂ ಮೀರುತ್ತದೆ. ಉಬ್ಬುತಗ್ಗಿನ ಗೆರೆಗಳು ಅವುಗಳ ಕೆಳಗೆ ನಿಲ್ಲುತ್ತವೆ. ಬಗೆಯೂ ಒಂದೇ ಆಗಿ ಬಣ್ಣ ಮಾತ್ರ ಬೇರೆಯಾದರೆ ಮನೆಯ ಮಾತಿಗೆ ಮೊದಲ ಮನ್ನಣೆ, ಆಮೇಲೆ ಸಾಲು, ಸಾಲುಗಳ ಗುಂಪು, ಕಂಬ, ಕಂಬಗಳ ಗುಂಪು, ಕೊನೆಗೆ ಇಡೀ ಕೋಷ್ಟಕ. ತೆಳುವಾದ ಗೆರೆಯನ್ನು ಬಯಸುವವರಿಗೆ ಇಲ್ಲೊಂದು ಎಚ್ಚರಿಕೆಯೂ ಇದೆ: ನೂರಾರು ಮನೆಗಳು ತೆಳು ಗೆರೆ ಕೇಳಿದರೂ ನೆರೆಯ ಒಂದು ಮನೆ ದಪ್ಪ ಗೆರೆ ಕೇಳಿದರೆ ಆ ಮನೆಗೂ ಅದರ ನೆರೆಮನೆಗಳಿಗೂ ನಡುವೆ ದಪ್ಪವೇ ನಿಲ್ಲುತ್ತದೆ. ಗೆರೆಯ ಅಗಲ ಬೆಸ ಸಂಖ್ಯೆಯ ಪಿಕ್ಸೆಲ್ ಆಗಿದ್ದರೆ ಅದನ್ನು ಸರಿಪಾಲು ಮಾಡಲಾಗದು, ಒಂದು ಪಿಕ್ಸೆಲ್ ಗೆರೆಯಂತೂ ಸದಾ ಬೆಸವೇ. ಉಳಿದ ಆ ಒಂದು ಪಿಕ್ಸೆಲ್ ಯಾವ ಕಡೆಗೆ ಎಂಬುದನ್ನು ಬ್ರೌಸರುಗಳೇ ಒಂದು ಸ್ಥಿರವಾದ ನಿಯಮದಂತೆ ನಿರ್ಧರಿಸಬೇಕೆಂದು ಮಾನಕ ಸೂಚಿಸಿತು.

1998ರ ಮಾನಕವು ಬೆಸೆದ ಗೆರೆಯನ್ನೇ ಕೋಷ್ಟಕದ ಸಹಜ ಸ್ಥಿತಿಯೆಂದು ಘೋಷಿಸಿತ್ತು. ಬ್ರೌಸರುಗಳು ಅದನ್ನು ಒಪ್ಪಲಿಲ್ಲ. ನೆಟ್‌ಸ್ಕೇಪ್ ಹಾಕಿಕೊಟ್ಟ ದಾರಿಯಲ್ಲಿ ಅಷ್ಟರಲ್ಲೇ ಅಸಂಖ್ಯ ಪುಟಗಳು ಸಿದ್ಧವಾಗಿದ್ದು, ಅವುಗಳ ರೂಪ ಕೆಡಿಸುವ ಧೈರ್ಯ ಯಾರಿಗೂ ಇರಲಿಲ್ಲ. 2011ರ ಜೂನ್‌ನಲ್ಲಿ ಅಂತಿಮಗೊಂಡ ಪರಿಷ್ಕೃತ ಆವೃತ್ತಿಯು ಸೋಲೊಪ್ಪಿ ಬೇರ್ಪಟ್ಟ ಗೆರೆಯನ್ನೇ ಸಹಜ ಸ್ಥಿತಿಯಾಗಿ ಬದಲಿಸಿತು. ಹೀಗಾಗಿ ಇಂದು ಯಾವ ಶೈಲಿಯನ್ನೂ ಹೇಳದೆ ಬರೆದ ಕೋಷ್ಟಕದಲ್ಲಿ 1995ರ ಆ 2 ಪಿಕ್ಸೆಲ್ ತೆರಪು ಈಗಲೂ ಜೀವಂತವಾಗಿದೆ. ಬೆಸೆಯುವ ಗುಣವನ್ನು 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಅಳವಡಿಸಿಕೊಂಡಿತಾದರೂ ಅದರ ಜೋಡಿಯಾದ ತೆರಪಿನ ಗುಣವನ್ನು ಅದೇ ಬ್ರೌಸರ್ ಕಲಿಯಲು 2009ರ ಎಂಟನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಅದರ ಆರನೆಯ ಆವೃತ್ತಿಯಲ್ಲಿ ಒಂದು ಪಿಕ್ಸೆಲ್‌ನ ಚುಕ್ಕಿಗೆರೆಯು ತುಂಡುಗೆರೆಯಾಗಿ ಕಾಣುತ್ತಿತ್ತು. ಹಳೆಯ ಉಪಾಯಗಳು ಇಷ್ಟು ದೀರ್ಘಕಾಲ ಬಾಳಿದ್ದಕ್ಕೆ ಕಸಬುದಾರರ ಸೋಮಾರಿತನವನ್ನು ದೂರುವುದು ನ್ಯಾಯವಲ್ಲ. ಓದುಗರ ಕೈಯಲ್ಲಿದ್ದ ಬ್ರೌಸರುಗಳು ಮಾನಕಕ್ಕಿಂತ ಹತ್ತು ವರ್ಷ ಹಿಂದಿದ್ದವು.

ಬೆಸೆದ ತೆಳು ಗೆರೆಯನ್ನು ಜನಸಾಮಾನ್ಯರ ಕಣ್ಣಿಗೆ ಒಗ್ಗಿಸಿದ ಕೀರ್ತಿ ಬಹುಪಾಲು ವಿಕಿಪೀಡಿಯಕ್ಕೆ ಸಲ್ಲುತ್ತದೆ. ವಿಕಿಟೇಬಲ್ ಎಂಬ ಶೈಲಿಹೆಸರಿನಡಿಯಲ್ಲಿ ಅದು ರೂಢಿಸಿದ ಒಂದು ಪಿಕ್ಸೆಲ್ ಬೂದು ಗೆರೆ, ಬೆಸೆದ ಅಂಚು, ತಿಳಿ ಬೂದು ಹಿನ್ನೆಲೆ ಇವು ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಸಮಾನವಾಗಿದ್ದು, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಜಿಲ್ಲೆಗಳ ಜನಸಂಖ್ಯೆಯಿಂದ ಚಲನಚಿತ್ರಗಳ ಪಟ್ಟಿಯವರೆಗೆ ಎಲ್ಲವೂ ಈ ಚೌಕಟ್ಟಿನೊಳಗೇ ಬರುತ್ತವೆ. 2011ರ ಆಗಸ್ಟಿನಲ್ಲಿ ಟ್ವಿಟರ್ ಸಂಸ್ಥೆಯಿಂದ ಹೊರಬಂದ ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಶೈಲಿಗಳ ಸಂಗ್ರಹ ಮಾತ್ರ ಚಿಖೋಲ್ಡನ ದಾರಿಗೆ ಹತ್ತಿರವಾಯಿತು; ಅದರ ಸಾಮಾನ್ಯ ಕೋಷ್ಟಕದಲ್ಲಿ ಸಾಲುಗಳ ನಡುವೆ ತಿಳಿ ಬೂದು ಅಡ್ಡಗೆರೆ ಮಾತ್ರ ಇದ್ದು, ನಾಲ್ಕೂ ಬದಿಯ ಗೆರೆ ಬೇಕಾದವರು ಬೇರೆ ಹೆಸರಿನಿಂದ ಕೇಳಿ ಪಡೆಯಬೇಕಿತ್ತು.

ಕನ್ನಡದ ಕೋಷ್ಟಕಕ್ಕೆ ತನ್ನದೇ ಆದ ಕಷ್ಟಗಳಿವೆ, ಅವನ್ನು ರೋಮನ್ ಲಿಪಿಯ ಅಳತೆಗಳಿಂದ ಅಳೆಯಲಾಗದು. ಅಕ್ಷರದ ಕೆಳಗೆ ಇಳಿಯುವ ಒತ್ತಕ್ಷರ, ಮೇಲೆ ಏರುವ ಗುಣಿತಚಿಹ್ನೆ ಇವೆರಡರಿಂದಾಗಿ ಕನ್ನಡದ ಸಾಲು ಸಹಜವಾಗಿಯೇ ಎತ್ತರ ಬೇಡುತ್ತದೆ. ರೋಮನ್ ಲಿಪಿಗೆ ಸಾಕಾಗುವ 1 ಪಿಕ್ಸೆಲ್ ಒಳತೆರಪಿನಲ್ಲಿ ರಾಷ್ಟ್ರ, ಸ್ವಾತಂತ್ರ್ಯ ಮುಂತಾದ ಪದಗಳ ಒತ್ತುಗಳು ಕೆಳಗಿನ ಗೆರೆಯನ್ನು ಮುಟ್ಟಿ, ಗೆರೆಯೇ ಅಕ್ಷರದ ಭಾಗವಾದಂತೆ ಭ್ರಮೆ ಹುಟ್ಟಿಸುತ್ತವೆ. ಎರಡನೆಯ ಕಷ್ಟ ಅಗಲದ್ದು. ಕಂಬಸಾಲಿನ ಅಗಲವನ್ನು ತಾನಾಗಿ ಲೆಕ್ಕಹಾಕುವ ಕ್ರಮದಲ್ಲಿ, ಮುರಿಯಲಾಗದ ಅತಿ ಉದ್ದದ ಪದವೇ ಆ ಕಂಬದ ಕನಿಷ್ಠ ಅಗಲವನ್ನು ನಿರ್ಧರಿಸುತ್ತದೆ; ಪ್ರತ್ಯಯಗಳೂ ಸಂಧಿಸಮಾಸಗಳೂ ಸೇರಿ ಉದ್ದವಾಗುವ ಕನ್ನಡ ಪದವೊಂದು ಶೀರ್ಷಿಕೆಯ ಮನೆಯಲ್ಲಿ ಕುಳಿತರೆ ಇಡೀ ಕಂಬವೇ ಹಿಗ್ಗಿ ಮಿಕ್ಕವುಗಳ ಜಾಗವನ್ನು ಕಸಿಯುತ್ತದೆ. ಭೂಮಿ ಯೋಜನೆಯಡಿ ಕರ್ನಾಟಕದ ಕಂದಾಯ ಇಲಾಖೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಾಗ, ಗ್ರಾಮಲೆಕ್ಕಿಗರ ಕೈಬರಹದಲ್ಲಿ ಬೇಕಾದಂತೆ ಕುಗ್ಗಿ ಹಿಗ್ಗುತ್ತಿದ್ದ ಹೆಸರು, ವಿಸ್ತೀರ್ಣ, ಬೆಳೆಗಳ ವಿವರಗಳು ಗೊತ್ತಾದ ಗೆರೆಗಳ ನಡುವಿನ ಮನೆಗಳಿಗೆ ಹೊಂದಿಕೊಳ್ಳಬೇಕಾಯಿತು. ಕನ್ನಡಿಗ ರೈತನೊಬ್ಬನು ತನ್ನ ಬದುಕಿನಲ್ಲಿ ಅತ್ಯಂತ ಎಚ್ಚರದಿಂದ ಓದುವ ಕೋಷ್ಟಕ ಬಹುಶಃ ಅದೇ ಆಗಿರುವುದರಿಂದ, ಯಾವ ಅಂಕಿ ಯಾವ ಮನೆಯದೆಂದು ಗೆರೆ ಸ್ಪಷ್ಟವಾಗಿ ಹೇಳಬೇಕಾದ ಅಗತ್ಯ ಅಲ್ಲಿ ಎದ್ದುಕಾಣುತ್ತದೆ. ಮಾಹಿತಿಯನ್ನು ಹೇಳದ ಶಾಯಿಯನ್ನು ಅಳಿಸಬೇಕೆಂಬ ಟಫ್ಟಿಯ ವಾದವು ಇಂಥ ದಾಖಲೆಗಳಿಗೆ ಯಥಾವತ್ತಾಗಿ ಒಗ್ಗದು.

2010ರ ಜೂನ್‌ನಲ್ಲಿ ಬಂದ ಐಫೋನ್ 4 ಒಂದು ಅಂಗುಲಕ್ಕೆ 326 ಪಿಕ್ಸೆಲ್‌ಗಳ ಪರದೆಯನ್ನು ಹೊಂದಿದ್ದರಿಂದ ಪಿಕ್ಸೆಲ್ ಎಂಬ ಅಳತೆಯೇ ಇಬ್ಭಾಗವಾಯಿತು. ಶೈಲಿಯ ಭಾಷೆಯಲ್ಲಿ ಹೇಳುವ ಒಂದು ಪಿಕ್ಸೆಲ್ ಅಂಥ ಪರದೆಯ ಮೇಲೆ ಉದ್ದಕ್ಕೆ ಎರಡು, ಅಗಲಕ್ಕೆ ಎರಡು ನಿಜ ಪಿಕ್ಸೆಲ್‌ಗಳನ್ನು ಆವರಿಸುತ್ತಿದ್ದು, ಪರದೆ 0.08 ಮಿಲಿಮೀಟರಿನ ಗೆರೆ ಎಳೆಯಬಲ್ಲದ್ದಾಗಿದ್ದರೂ ಜಾಲಪುಟ ಅದನ್ನು ಕೇಳಲಾರದಾಗಿತ್ತು. ಹಿತ್ತಾಳೆಯ ಕೂದಲೆಳೆ ರೂಲನ್ನು ಪರದೆ ಸರಿಗಟ್ಟಿದ ಆ ಹೊತ್ತಿನಲ್ಲಿ ವಿನ್ಯಾಸಕಾರರು ಮತ್ತೆ ಉಪಾಯಗಳ ಮೊರೆಹೊಕ್ಕು, ಒಂದು ಪಿಕ್ಸೆಲ್ ಗೆರೆಯನ್ನು ಎಳೆದು ಅದನ್ನು ಅರ್ಧಕ್ಕೆ ಕುಗ್ಗಿಸುವ ದಾರಿ ಹಿಡಿದರು. 2014ರಲ್ಲಿ ಆಪಲ್‌ನ ಸಫಾರಿ ಬ್ರೌಸರ್ 0.5 ಪಿಕ್ಸೆಲ್ ಗೆರೆಯನ್ನು ಒಪ್ಪಿಕೊಂಡಿತು. ಒಂದು ನಿಜ ಪಿಕ್ಸೆಲ್‌ಗಿಂತ ಕಡಿಮೆ ದಪ್ಪ ಕೇಳಿದರೆ ಗೆರೆ ಮಾಯವಾಗದೆ ಒಂದು ನಿಜ ಪಿಕ್ಸೆಲ್‌ಗೆ ಏರಬೇಕು, ಅದಕ್ಕಿಂತ ಹೆಚ್ಚಾದ ಭಿನ್ನರಾಶಿಗಳು ಪೂರ್ಣಾಂಕಕ್ಕೆ ಇಳಿಯಬೇಕು ಎಂಬುದು ಈಗ ಮಾನಕದಲ್ಲಿಯೇ ಸೇರಿದ ನಿಯಮ.

ಬೆಸೆದ ಗೆರೆಗೂ ಮಿತಿಗಳು ಬಯಲಾದವು. ಮೂಲೆಗಳನ್ನು ದುಂಡಾಗಿಸುವ ಗುಣವು ಬೆಸೆದ ಕೋಷ್ಟಕದ ಮನೆಗಳಿಗೆ ಅನ್ವಯಿಸುವುದಿಲ್ಲ. ಉದ್ದನೆಯ ಕೋಷ್ಟಕವನ್ನು ಸರಿಸುವಾಗ ಶೀರ್ಷಿಕೆಯ ಸಾಲು ಮೇಲೆಯೇ ಅಂಟಿಕೊಂಡು ನಿಲ್ಲಬೇಕೆಂದರೆ, ಅಕ್ಷರಗಳು ನಿಂತರೂ ಅವುಗಳ ಗೆರೆಗಳು ಜಾರಿ ಹೋಗುತ್ತವೆ. ಬೆಸೆದ ಗೆರೆ ಮನೆಗಿಂತ ಕೋಷ್ಟಕಕ್ಕೆ ಹೆಚ್ಚಾಗಿ ಸೇರಿದ್ದರಿಂದ ಮನೆ ಚಲಿಸಿದಾಗ ಅದು ಜೊತೆಗೆ ಬರುವುದಿಲ್ಲ. ಆದ್ದರಿಂದ ಅನೇಕರು ಬೇರ್ಪಟ್ಟ ಗೆರೆಗೇ ಮರಳಿ, ತೆರಪನ್ನು ಸೊನ್ನೆಗಿಳಿಸಿ, ಒಂದೊಂದು ಮನೆಗೂ ಬಲ ಮತ್ತು ಕೆಳಗಿನ ಗೆರೆಗಳನ್ನು ಮಾತ್ರ ಕೊಟ್ಟು, ಎಡ ಮತ್ತು ಮೇಲಿನ ಗೆರೆಗಳನ್ನು ಹೊರಚೌಕಟ್ಟಿಗೆ ಬಿಡುವ ಕ್ರಮವನ್ನು ಅನುಸರಿಸುತ್ತಾರೆ. ಒಡೆತನವನ್ನು ಹಂಚುವ ಬದಲು ಒಬ್ಬನಿಗೇ ವಹಿಸುವ ಈ ಕ್ರಮದಲ್ಲಿಯೂ ಎರಡು ಮನೆಗಳ ನಡುವೆ ನಿಲ್ಲುವುದು ಒಂದೇ ಗೆರೆ.

ಗೆರೆಯನ್ನು ಕಾಣಲಾರದವರ ಪಾಲಿಗೂ ಈ ಗೆರೆ ಕೆಲಸ ಮಾಡುತ್ತದೆಂಬುದು ಈ ಚರಿತ್ರೆಯಲ್ಲಿ ಅತ್ಯಂತ ಮನನೀಯವಾದ ಸಂಗತಿ. ದೃಷ್ಟಿವಿಕಲರು ಬಳಸುವ, ಪುಟವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ, ಎದುರಿರುವುದು ನಿಜವಾದ ಮಾಹಿತಿಯ ಕೋಷ್ಟಕವೋ ಸೀಗೆಲ್‌ನ ಕಾಲದಿಂದ ಬಂದ ವಿನ್ಯಾಸದ ಕೋಷ್ಟಕವೋ ಎಂದು ಬ್ರೌಸರ್ ತಿಳಿಸಬೇಕು. ಮಾಹಿತಿಯದಾದರೆ ಸಾಲು ಕಂಬಗಳ ಸಂಖ್ಯೆಯನ್ನು ಸಾರಿ ಮನೆಯಿಂದ ಮನೆಗೆ ನಡೆಸಬೇಕು, ವಿನ್ಯಾಸದ್ದಾದರೆ ಬರಿಯ ಪಠ್ಯವನ್ನು ಓದಬೇಕು. ಲೇಖಕನು ಸ್ಪಷ್ಟವಾದ ಸುಳಿವು ಕೊಡದಿದ್ದಾಗ ಫೈರ್‌ಫಾಕ್ಸ್ ಮತ್ತು ಸಫಾರಿಗಳ ಒಳಗಿರುವ ತಂತ್ರಾಂಶವು ಹಲವು ಲಕ್ಷಣಗಳನ್ನು ತೂಗಿ ಊಹಿಸುತ್ತದೆ. ಮನೆಗಳಿಗೆ ಗೆರೆಯಿದೆಯೇ ಎಂಬುದೂ, ಒಂದು ಬಿಟ್ಟು ಒಂದು ಸಾಲಿಗೆ ಬೇರೆ ಬಣ್ಣವಿದೆಯೇ ಎಂಬುದೂ ಆ ಲಕ್ಷಣಗಳಲ್ಲಿ ಸೇರಿವೆ. ಅಂದಕ್ಕಾಗಿ ಎಲ್ಲ ಗೆರೆಗಳನ್ನೂ ತೆಗೆದುಹಾಕಿದ ಕೋಷ್ಟಕವು ಹೀಗೆ ಕೇಳುಗನ ಪಾಲಿಗೆ ಕೋಷ್ಟಕವಾಗಿಯೇ ಉಳಿಯದಿರುವ ಸಂಭವವಿದೆ. ಶೀರ್ಷಿಕೆಯ ಮನೆಗಳನ್ನು ಅವುಗಳಿಗೆಂದೇ ಇರುವ ಗುರುತುಪದದಿಂದ ಬರೆದು, ಕೋಷ್ಟಕಕ್ಕೊಂದು ತಲೆಬರಹ ಕೊಟ್ಟರೆ ಬ್ರೌಸರ್ ಊಹೆಯನ್ನು ಬಿಟ್ಟು ಲೇಖಕನ ಮಾತನ್ನೇ ನಂಬುತ್ತದೆ, ಆಗ ಗೆರೆಯು ಇದ್ದರೂ ಇಲ್ಲದಿದ್ದರೂ ಕೇಳುಗನಿಗೆ ಸಾಲು ಕಂಬಗಳ ದಾರಿ ತಪ್ಪುವುದಿಲ್ಲ.